ನೋವಿಲ್ಲದ ಸವಾರ, ನೋವುಣ್ಣುವ ಒಂಟೆ

ಯಂತ್ರಮಾನವನಿಗೂ ನೋವು, ಆಸೆ, ಅಭಿಮಾನ ಬಂದರೆ ಅವನನ್ನು ಹೇಗೆ ನಡೆಸಿಕೊಳ್ಳಬೇಕು? ಅವನಿಗೂ ಹಕ್ಕುಗಳಿರಬೇಕೇ? ಕಥೆಗಾರರು ನೂರು ವರ್ಷಗಳಿಂದ ಈ ಪ್ರಶ್ನೆ ಕೇಳುತ್ತಾ ಬಂದಿದ್ದಾರೆ. ನಮ್ಮ ಮಕ್ಕಳೂ ಸಿನಿಮಾ ನೋಡಿ ಬಂದು ಊಟದ ಹೊತ್ತಿನಲ್ಲಿ ಇದನ್ನೇ ಕೇಳುತ್ತಾರೆ. "ಅದೆಲ್ಲಾ ಬರೀ ಕಥೆ, ಮೊದಲು ಊಟ ಮುಗಿಸು" ಎಂದು ನಾವು ಬಾಯಿ ಮುಚ್ಚಿಸುತ್ತೇವೆ. ಆದರೆ ಉಮ್ಮ್ ಸಲಾಲ್‌ನಲ್ಲಿ ಮನೆ ಮಾಡಿಕೊಂಡಿರುವ ನಮ್ಮಂಥವರಿಗೆ ಇದು ಬರೀ ಕಥೆಯಲ್ಲ.

'ರೋಬೋ' ಎಂಬ ಮಾತು ಹುಟ್ಟಿದ್ದು ವಿಜ್ಞಾನಿಯ ಪ್ರಯೋಗಾಲಯದಲ್ಲಲ್ಲ, ನಾಟಕದಲ್ಲಿ. ಝೆಕ್ ಲೇಖಕ ಕಾರೆಲ್ ಚಾಪೆಕ್ 1920ರಲ್ಲಿ ಬರೆದ 'ಆರ್.ಯು.ಆರ್.' ನಾಟಕದಿಂದ ಅದು ಲೋಕಕ್ಕೆಲ್ಲ ಹರಡಿತು. ಅದರ ಮೂಲ 'ರೊಬೊಟ' ಎಂಬ ಝೆಕ್ ಪದ. ಅರ್ಥ, ಒಡೆಯನಿಗೆ ಮಾಡಿಕೊಡಲೇಬೇಕಾದ ಬಿಟ್ಟಿ ಚಾಕರಿ. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ಜೀತ. ನಮ್ಮ ದೇಶದಲ್ಲಿ ಜೀತ ಪದ್ಧತಿಯನ್ನು ರದ್ದು ಮಾಡುವ ಕಾಯ್ದೆ ಬಂದದ್ದು 1976ರಲ್ಲಿ. ಅಂದರೆ ರೋಬೋ ಕಥೆ ಮೊದಲಿನಿಂದಲೂ ಯಂತ್ರದ ಕಥೆಯಲ್ಲ, ಆಳಿನ ಕಥೆ.

ಆ ನಾಟಕದಲ್ಲಿ ಒಂದು ಸಂಗತಿ ಬರುತ್ತದೆ. ನೋವು ತಿಳಿಯದ ರೋಬೋಗಳು ಕೆಲಸದಲ್ಲಿ ಕೈಕಾಲು ಮುರಿದುಕೊಂಡು ಕಾರ್ಖಾನೆಗೆ ನಷ್ಟ ತರುತ್ತವೆ. ಅದಕ್ಕಾಗಿ ಅವುಗಳಿಗೆ ನೋವಿನ ಅರಿವು ಕೊಡುವ ಏರ್ಪಾಡು ನಡೆಯುತ್ತದೆ. ಅವುಗಳ ಮೇಲಿನ ಕರುಣೆಯಿಂದಲ್ಲ, ಸರಕು ಹಾಳಾಗದಿರಲೆಂದು! ಆಳಿನ ನೋವನ್ನು ಒಡೆಯ ಬಲ್ಲ, ಆದರೆ ಅದನ್ನು ಖರ್ಚಿನ ಪುಸ್ತಕದಲ್ಲಿ ಮಾತ್ರ ಬರೆದುಕೊಳ್ಳುತ್ತಾನೆ.

ಮುಂದೆ 1976ರಲ್ಲಿ ಐಸಾಕ್ ಅಸಿಮೋವ್ 'ದ ಬೈಸೆಂಟೆನಿಯಲ್ ಮ್ಯಾನ್' ಕಥೆ ಬರೆದರು. ಅದರಲ್ಲಿ ಆಂಡ್ರ್ಯೂ ಎಂಬ ಮನೆಗೆಲಸದ ರೋಬೋ ತನ್ನ ಸ್ವಾತಂತ್ರ್ಯಕ್ಕಾಗಿ ನ್ಯಾಯಾಲಯಕ್ಕೆ ಹೋಗುತ್ತದೆ, ಗೆಲ್ಲುತ್ತದೆ. 2010ರ ತಮಿಳು ಚಿತ್ರ 'ಎಂದಿರನ್'ನಲ್ಲಿ ಇದಕ್ಕೆ ತಿರುಗುಮುರುಗು. ಅಲ್ಲಿ ನ್ಯಾಯಾಲಯ ಚಿಟ್ಟಿ ರೋಬೋವನ್ನು ಬಿಚ್ಚಿಹಾಕಲು ಆಜ್ಞೆ ಮಾಡುತ್ತದೆ. ಚಿಟ್ಟಿ ತನ್ನ ಅಂಗಾಂಗಗಳನ್ನು ತಾನೇ ಒಂದೊಂದಾಗಿ ಕಳಚಿಡುತ್ತದೆ. ಆ ದೃಶ್ಯದಲ್ಲಿ ಕಣ್ಣೊರೆಸಿಕೊಂಡವರು ನಮ್ಮಲ್ಲೇ ಎಷ್ಟೋ ಮಂದಿ. ಕಬ್ಬಿಣಕ್ಕಾಗಿ ಅಳುವ ಮನಸ್ಸು ನಮಗಿದೆ ಎನ್ನುವುದು ಒಳ್ಳೆಯದೇ. ಆ ಕಣ್ಣೀರು ಸಿನಿಮಾ ಮಂದಿರದ ಹೊರಗೂ ಬರುತ್ತದೆಯೇ ಎಂಬುದೇ ಪ್ರಶ್ನೆ.

ಇದಕ್ಕೆ ಉತ್ತರ ಹುಡುಕಲು ನಾವು ದೂರ ಹೋಗಬೇಕಿಲ್ಲ. ಚಳಿಗಾಲದಲ್ಲಿ ಊರಿನಿಂದ ನೆಂಟರು ಬಂದರೆ ಬರ್ಜಾನ್ ಗೋಪುರ ತೋರಿಸಿ, ಅಲ್ ಶಹಾನಿಯಾದ ಒಂಟೆ ಓಟಕ್ಕೆ ಕರೆದೊಯ್ಯುತ್ತೇವಲ್ಲವೇ? ಅಲ್ಲಿ ಒಂಟೆಯ ಬೆನ್ನ ಮೇಲೆ ಬಣ್ಣದ ಅಂಗಿ ತೊಟ್ಟ ಪುಟ್ಟ ಯಂತ್ರ ಕೂತಿರುತ್ತದೆ. ಪಕ್ಕದ ರಸ್ತೆಯಲ್ಲಿ ಒಡೆಯರು ಕಾರು ಓಡಿಸುತ್ತಾ ರಿಮೋಟ್ ಒತ್ತಿದರೆ ಯಂತ್ರದ ಚಾವಟಿ ತಿರುಗುತ್ತದೆ. ಅವರು ವಾಕಿಟಾಕಿಯಲ್ಲಿ ಕೂಗಿದ ಕೂಗು ಒಂಟೆಯ ಕಿವಿಗೆ ಮುಟ್ಟುತ್ತದೆ.

ಆ ಜಾಗದಲ್ಲಿ ಹಿಂದೆ ಮಕ್ಕಳಿದ್ದರು. ಸವಾರನ ತೂಕ ಕಡಿಮೆಯಾದಷ್ಟೂ ಒಂಟೆ ಜೋರಾಗಿ ಓಡುತ್ತದೆ ಎಂಬ ಲೆಕ್ಕದಲ್ಲಿ ಕೊಲ್ಲಿ ದೇಶಗಳಿಗೆ ಸುಡಾನ್, ಪಾಕಿಸ್ತಾನ, ಬಾಂಗ್ಲಾದೇಶಗಳಿಂದ ಎಳೆಯ ಹುಡುಗರನ್ನು ತರಲಾಗುತ್ತಿತ್ತು. ತೂಕ ಏರಬಾರದೆಂದು ಅರೆಹೊಟ್ಟೆಯಲ್ಲಿ ಇಡುತ್ತಿದ್ದದ್ದೂ ಉಂಟು. ಬಿದ್ದು ಮೂಳೆ ಮುರಿದುಕೊಂಡವರಿದ್ದಾರೆ, ಜೀವ ಬಿಟ್ಟವರೂ ಇದ್ದಾರೆ. 2005ರಲ್ಲಿ ಕತಾರ್ ಕಾನೂನು ಮಾಡಿ ಮಕ್ಕಳ ಸವಾರಿಯನ್ನು ನಿಷೇಧಿಸಿತು. ಸ್ವಿಟ್ಜರ್ಲೆಂಡಿನ ಕೆ-ಟೀಮ್ ಕಂಪನಿ ರೋಬೋ ಸವಾರನನ್ನು ತಯಾರಿಸಿಕೊಟ್ಟಿತು. ಮೊದಮೊದಲು ಭಾರವಾಗಿದ್ದ ಆ ಯಂತ್ರದ ಜಾಗಕ್ಕೆ ಆಮೇಲೆ ಕೈ ಡ್ರಿಲ್ಲಿನ ಮೋಟಾರು ಹಾಕಿದ, ಕೆಲವೇ ಕಿಲೋ ತೂಗುವ ಯಂತ್ರಗಳು ಬಂದವು. ರೋಬೋ ಬಂದರೆ ಮನುಷ್ಯನ ಅನ್ನಕ್ಕೆ ಕಲ್ಲು ಎನ್ನುತ್ತೇವೆ. ಇಲ್ಲಿ ಅದು ಬಂದು ಮಗುವನ್ನು ಒಂಟೆಯಿಂದ ಕೆಳಗಿಳಿಸಿತು.

ಈಗ ಯೋಚಿಸೋಣ. ಆ ಮಗುವಿಗೆ ನೋವಾಗುತ್ತದೆಂದು ಸಾಬೀತು ಮಾಡಲು ಯಾವ ಪಂಡಿತರು ಬೇಕಿತ್ತು? ಅದು ಅಳುತ್ತಿತ್ತು, ಅಮ್ಮನನ್ನು ಕರೆಯುತ್ತಿತ್ತು. ಆದರೂ ಓಟ ವರ್ಷಗಟ್ಟಲೆ ನಡೆದೇ ನಡೆಯಿತು. ಆದ್ದರಿಂದ 'ರೋಬೋಗೆ ನಿಜವಾಗಿ ಅರಿವಿದೆಯೇ ಎಂದು ತಿಳಿಯಲಿ, ಆಮೇಲೆ ಹಕ್ಕು ಕೊಡೋಣ' ಎಂಬ ಮಾತನ್ನು ನಾವು ಪೂರ್ತಿ ನಂಬುವುದು ಕಷ್ಟ. ತಿಳಿದ ಮೇಲೂ ಕೊಡದಿರುವುದೇ ಮನುಷ್ಯನ ಚರಿತ್ರೆ. ಇನ್ನು ಒಂಟೆಯ ಮಾತು. ಸವಾರನಿಗೆ ಈಗ ನೋವಿಲ್ಲ, ಚಾವಟಿಯ ಪೆಟ್ಟು ತಿನ್ನುವ ಒಂಟೆಗೆ ಇದೆ. ಹೊಡೆಯುವ ಕೈ ಯಂತ್ರದ್ದಾದ ಮಾತ್ರಕ್ಕೆ ಪೆಟ್ಟು ಹಗುರವಾಗುವುದಿಲ್ಲ.

2017ರ ಅಕ್ಟೋಬರ್‌ನಲ್ಲಿ ಸೌದಿ ಅರೇಬಿಯಾ ಸೋಫಿಯಾ ಎಂಬ ರೋಬೋಗೆ ಪೌರತ್ವ ಘೋಷಿಸಿದಾಗ ಅನೇಕರಿಗೆ ಆಶ್ಚರ್ಯವಾಯಿತು. ಕಾನೂನಿನ ಕಣ್ಣಿಗೆ ಇದು ಅಂಥ ವಿಚಿತ್ರವಲ್ಲ. ನಮ್ಮ ದೇವಸ್ಥಾನಗಳ ಆಸ್ತಿ ದೇವರ ಹೆಸರಿನಲ್ಲಿ ಇರುವುದುಂಟು. ಪ್ರತಿಷ್ಠಾಪಿತ ಮೂರ್ತಿಯನ್ನು ಭಾರತದ ಕಾನೂನು ಒಬ್ಬ ವ್ಯಕ್ತಿಯೆಂದೇ ಪರಿಗಣಿಸುತ್ತದೆ. 1925ರಲ್ಲಿ ಪ್ರಿವಿ ಕೌನ್ಸಿಲ್ ಇನ್ನೂ ಮುಂದೆ ಹೋಗಿ, ದೇವರ ಇಚ್ಛೆಗೂ ಬೆಲೆಯುಂಟು, ಅದನ್ನು ನ್ಯಾಯಾಲಯದಲ್ಲಿ ಹೇಳಲು ಬೇರೆ ಪ್ರತಿನಿಧಿ ಇರಲಿ ಎಂದಿತು. ಕಾನೂನು ಯಾರನ್ನು ಬೇಕಾದರೂ ವ್ಯಕ್ತಿ ಎಂದು ಕರೆಯಬಲ್ಲದು. ಅವರ ಪರವಾಗಿ ಮಾತನಾಡುವವರು ಇದ್ದಾರೆಯೇ ಎಂಬುದು ಮುಖ್ಯ. ಸೋಫಿಯಾ ಪರ ಕಂಪನಿಯಿತ್ತು, ಪತ್ರಿಕೆಗಳಿದ್ದವು. ಪರದೇಶದಲ್ಲಿ ಪಾತ್ರೆ ತೊಳೆಯುವ ಹೆಣ್ಣುಮಗಳ ಪರ ಯಾರಿದ್ದಾರೆ?

ಕತಾರ್‌ನಲ್ಲಿ ಕಾನೂನು ಈ ದಿಕ್ಕಿನಲ್ಲಿ ನಡೆದಿದೆ. ಮನೆಗೆಲಸದವರಿಗೆ ದಿನಕ್ಕೆ 10 ಗಂಟೆಗಿಂತ ಹೆಚ್ಚು ದುಡಿಮೆ ಕೂಡದು, ವಾರಕ್ಕೊಂದು ದಿನ ರಜೆ ಕೊಡಬೇಕು ಎಂದು 2017ರ ಕಾನೂನು ಹೇಳುತ್ತದೆ. 2021ರಿಂದ ಎಲ್ಲ ಕೆಲಸಗಾರರಿಗೂ, ಮನೆಗೆಲಸದವರಿಗೂ ಸೇರಿ, ತಿಂಗಳಿಗೆ ಕನಿಷ್ಠ 1,000 ರಿಯಾಲ್ ವೇತನ ಗೊತ್ತುಮಾಡಲಾಯಿತು. ಆದರೆ ಕಾನೂನು ಅಡಿಗೆಮನೆಯ ಬಾಗಿಲವರೆಗೆ ಬರುತ್ತದೆ, ಒಳಗಿನದು ನಮ್ಮ ಮನಸ್ಸಿಗೆ ಬಿಟ್ಟದ್ದು. "ಅವಳಿಗೆ ಅಭ್ಯಾಸವಾಗಿದೆ ಬಿಡಿ", "ಅವರಿಗೆ ಬಿಸಿಲು ಅಷ್ಟಾಗಿ ತಾಗೋದಿಲ್ಲ" ಎಂಬ ಮಾತುಗಳನ್ನು ನಮ್ಮ ಕೂಟಗಳಲ್ಲೇ ಕೇಳಿದ್ದೇವೆ. ಚಾಪೆಕ್‌ನ ಕಾರ್ಖಾನೆಯವರು ಆಡುವುದೂ ಇದೇ ಧಾಟಿಯ ಮಾತು. ಆಯುಧಪೂಜೆಯ ದಿನ ಕಾರಿಗೆ ಅರಿಶಿನ ಕುಂಕುಮವಿಟ್ಟು, ನಿಂಬೆಹಣ್ಣು ಇಟ್ಟು ಗೌರವಿಸುತ್ತೇವೆ. ಅದು ಚಂದದ ಸಂಪ್ರದಾಯ. ವರ್ಷವಿಡೀ ಆ ಕಾರನ್ನು ತೊಳೆಯುವವನ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಹಾಗಾದರೆ ರೋಬೋ ಹಕ್ಕಿನ ಚಿಂತೆ ಹೊಟ್ಟೆ ತುಂಬಿದವರ ಹರಟೆಯೇ? ಮೊದಲು ಮನುಷ್ಯನಿಗೆ ನ್ಯಾಯ ಸಿಗಲಿ, ಯಂತ್ರದ ಮಾತು ಆಮೇಲೆ ಎನ್ನುವವರ ವಾದದಲ್ಲಿ ಸತ್ಯವಿದೆ. ಆದರೂ ಒಂದನ್ನು ಬಿಟ್ಟರೆ ಇನ್ನೊಂದು ಬರುತ್ತದೆಂದಿಲ್ಲ. ಮಾತಾಡುವ ಯಂತ್ರವನ್ನು ದಿನವೂ ಗದರಿಸಿ, ಬೈದು ಬೆಳೆದ ಮಗು ಅದೇ ಸ್ವರವನ್ನು ನಾಳೆ ಮನೆಯ ಆಳಿನ ಮೇಲೂ ತೋರಿಸೀತು. ಯಂತ್ರಕ್ಕೆ ನೋವಿದೆಯೋ ಇಲ್ಲವೋ, ಸಂಶಯವಿದ್ದಲ್ಲಿ ಮೃದುವಾಗಿರುವುದರಿಂದ ನಮಗೇನೂ ನಷ್ಟವಿಲ್ಲ. ಸಂಶಯವೇ ಇಲ್ಲದ ಕಡೆ, ಅಂದರೆ ಮನುಷ್ಯರ ಮತ್ತು ಪ್ರಾಣಿಗಳ ವಿಷಯದಲ್ಲಿ, ಕಾಯುವುದಕ್ಕೆ ಯಾವ ನೆಪವೂ ಇಲ್ಲ.

ಮಕ್ಕಳು ಇನ್ನೊಮ್ಮೆ ಕೇಳಿದಾಗ ಊಟ ಮುಗಿಸೆಂದು ಗದರುವುದು ಬೇಡ. 'ಎಂದಿರನ್' ಕಥೆಯನ್ನೇ ಜೊತೆಯಲ್ಲಿ ಕೂತು ಚರ್ಚಿಸೋಣ. ಹಾಗೆಯೇ ನಮ್ಮ ಮನೆಗಳಲ್ಲಿ ದುಡಿಯುವವರಿಗೆ ವಾರದ ರಜೆ ಸರಿಯಾಗಿ ಸಿಗುತ್ತಿದೆಯೇ ಎಂದು ಈ ಶುಕ್ರವಾರವೇ ನೋಡಿಕೊಳ್ಳೋಣ. ನಾವು ಹೇಳಿದ್ದಕ್ಕಿಂತ ನಾವು ಮಾಡಿದ್ದೇ ಮಕ್ಕಳ ಮನಸ್ಸಿನಲ್ಲಿ ಉಳಿಯುತ್ತದೆ.