ಮರಾಠಿ ಮೊಗ್ಗಿನ ಲೆಕ್ಕ

ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಕಿಟಕಿ ಪಕ್ಕದ ಮೇಜು ನಮ್ಮ ಆರು ಜನರದ್ದು. ಒಂದು ಗಂಟೆಗೆ ಡಬ್ಬಿಗಳು ತೆರೆದುಕೊಂಡರೆ, ಯಾವುದು ಯಾರದ್ದು ಅನ್ನೋದು ಐದು ನಿಮಿಷದಲ್ಲಿ ಮರೆತುಹೋಗುತ್ತದೆ. ಮಂಗಳೂರಿನವನ ನೀರುದೋಸೆ, ಧಾರವಾಡದ ಗೆಳತಿಯ ಜೋಳದ ರೊಟ್ಟಿ, ನನ್ನ ಬಿಸಿಬೇಳೆಬಾತ್. ಸಂಬಳ ಎಷ್ಟು ಅಂತ ಬಾಯಿ ಬಿಡದವರೂ ಅಲ್ಲಿ ರೆಸಿಪಿ ಮಾತ್ರ ಧಾರಾಳವಾಗಿ ಹೇಳುತ್ತಾರೆ.

ಧಾರವಾಡದವಳು ನನಗಿಂತ ಐದಾರು ವರ್ಷ ಚಿಕ್ಕವಳು, ನನ್ನನ್ನು 'ಅಕ್ಕಾರ' ಅಂತಾಳೆ. ಅವಳ ಶೇಂಗಾ ಹಿಂಡಿಗೆ ನಾನು ಮರುಳಾಗಿದ್ದೆ. ಒಮ್ಮೆ ಕೇಳಿದ್ದಕ್ಕೆ ಅವತ್ತು ಸಂಜೆಯೇ ಅವರಮ್ಮನ ಹತ್ತಿರ ಹೇಳಿಸಿ ವಾಯ್ಸ್ ಮೆಸೇಜ್ ಕಳಿಸಿದಳು. ಶೇಂಗಾ ಎಷ್ಟು ಹುರಿಯಬೇಕು, ಬೆಳ್ಳುಳ್ಳಿ ಯಾವಾಗ ಹಾಕಬೇಕು, ಎಲ್ಲ ಇತ್ತು. ಕೊನೆಗೆ, "ಮಿಕ್ಸಿ ಒಂದ ಸಮನ ತಿರುವಬ್ಯಾಡ್ರಿ, ಎಣ್ಣಿ ಬಿಡ್ತದ, ಬಿಟ್ಟು ಬಿಟ್ಟು ತಿರುವ್ರಿ" ಅನ್ನೋ ಎಚ್ಚರಿಕೆ ಕೂಡ.

ಆಮೇಲೆ ಅವಳು ನನ್ನ ಬಿಸಿಬೇಳೆಬಾತ್ ಪುಡಿ ಕೇಳಿದಳು. ನಾನೂ ಬರೆದುಕೊಟ್ಟೆ: ಬ್ಯಾಡಗಿ ಮೆಣಸಿನಕಾಯಿ, ಕೊತ್ತಂಬರಿ ಬೀಜ, ಕಡಲೆಬೇಳೆ, ಉದ್ದಿನಬೇಳೆ, ಚೂರು ಮೆಂತ್ಯ, ಚಕ್ಕೆ, ಲವಂಗ, ಗಸಗಸೆ, ಒಣಕೊಬ್ಬರಿ. ಬೇರೆ ಬೇರೆಯಾಗಿ ಹುರಿದು, ಆರಿದ ಮೇಲೆ ಪುಡಿ ಮಾಡು ಅಂದೆ. ಬರೆಯದೇ ಬಿಟ್ಟಿದ್ದು ಒಂದೇ ಒಂದು, ಮರಾಠಿ ಮೊಗ್ಗು. ಲವಂಗದ ದೊಡ್ಡಣ್ಣನ ಹಾಗೆ ಕಾಣುತ್ತಲ್ಲ, ಅದು. ಮರೆತು ಬಿಟ್ಟಿದ್ದಲ್ಲ. ಬೇಕಂತಲೇ.

ಯಾಕೆ ಅಂತ ಕೇಳಿದರೆ ಅವತ್ತು ನನ್ನ ಹತ್ತಿರ ಉತ್ತರ ಇರಲಿಲ್ಲ. ನಮ್ಮಜ್ಜಿ ಹಾಗೇ ಮಾಡ್ತಿದ್ದರು, ನಾನೂ ಮಾಡಿದೆ, ಅಷ್ಟೇ. ಮೊಗ್ಗು ಹುರಿಯುವಾಗ ಪಕ್ಕದ ಮನೆಯವರು ಬಂದರೆ ಅಜ್ಜಿ ಬಾಣಲೆ ಮೇಲೆ ತಟ್ಟೆ ಮುಚ್ಚುತ್ತಿದ್ದರು. ನಾವು ಮೊಮ್ಮಕ್ಕಳು ಬಾಯಿ ಮುಚ್ಚಿಕೊಂಡು ನಗ್ತಿದ್ದೆವು.

ಎರಡು ತಿಂಗಳಾದ ಮೇಲೆ ಊಟದ ಮಧ್ಯೆ ಅವಳು ಹೇಳಿದಳು: "ಅಕ್ಕಾರ, ನಾಕ್ ಸಲ ಮಾಡಿದೆ. ನಿಮ್ಮ ಕೈಗುಣ ನನಗ ಬರಂಗಿಲ್ಲ ಬಿಡ್ರಿ. ಮೊನ್ನಿ ಅತ್ತಿಯೋರು ಬಂದಿದ್ರು, ಅವ್ರ ಮುಂದ ಮಾಡಿಟ್ಟು ಮುಖ ಸಣ್ಣದಾತು."

ತುತ್ತು ಗಂಟಲಲ್ಲೇ ನಿಂತಿತು. ಅಲ್ಲಿಯವರೆಗೂ ನಾನು ಅಂದುಕೊಂಡಿದ್ದು, ಇದರಲ್ಲಿ ಯಾರಿಗೂ ನಷ್ಟ ಇಲ್ಲ, ಹೆಚ್ಚೆಂದರೆ ರುಚಿ ಒಂದು ಗೆರೆ ಕಮ್ಮಿ ಆಗಬಹುದು ಅಂತ. ಆದರೆ ಅವಳು ಕಳೆದುಕೊಂಡಿದ್ದು ಅವಳ ಕೈ ಮೇಲಿನ ನಂಬಿಕೆ. ಕೊಟ್ಟ ರೆಸಿಪಿಯ ಮೇಲೆ ಅವಳಿಗೆ ಅನುಮಾನವೇ ಬರಲಿಲ್ಲ, ಯಾಕಂದ್ರೆ ಕೊಟ್ಟಿದ್ದು ನಾನು. ತಪ್ಪು ನನ್ನದು, ತಲೆ ತಗ್ಗಿಸಿದ್ದು ಅವಳು.

ಹಾಗಾದರೆ ಗುಟ್ಟು ಇಟ್ಟುಕೊಳ್ಳೋದೇ ತಪ್ಪಾ? ನನಗೆ ಹಾಗನ್ನಿಸೋದಿಲ್ಲ. ನಮ್ಮ ಬಡಾವಣೆಯಲ್ಲಿ ಮನೆಯಲ್ಲೇ ಪುಡಿ ಮಾಡಿ ಮಾರುವ ಆಂಟಿ ಒಬ್ಬರಿದ್ದಾರೆ. ಕೇಳಿದರೆ, "ಅದೊಂದು ಮಾತ್ರ ಕೇಳಬೇಡ ಕಣಮ್ಮಾ, ನನ್ನ ಹೊಟ್ಟೆಪಾಡು" ಅಂತ ನೇರವಾಗಿ ಹೇಳಿಬಿಡ್ತಾರೆ. ಅದರಲ್ಲಿ ಮೋಸ ಎಲ್ಲಿದೆ? ಕೇಳಿದವರು ಬರಿಗೈಲಿ ವಾಪಸ್ ಬರ್ತಾರೆ, ಆದರೆ ಮೋಸ ಹೋಗಿ ಬರೋದಿಲ್ಲ. ಕೊಡಲ್ಲ ಅನ್ನೋದು ಜಿಪುಣತನ ಇರಬಹುದು, ಕೊಟ್ಟ ಹಾಗೆ ಮಾಡೋದು ಸುಳ್ಳು. ನಾನು ಜಿಪುಣಿ ಅನ್ನಿಸಿಕೊಳ್ಳೋಕೆ ನಾಚಿ ಸುಳ್ಳು ಹೇಳಿದೆ. ಧಾರಾಳಿ ಅನ್ನೋ ಹೆಸರೂ ಬೇಕು, ಗುಟ್ಟೂ ಬೇಕು ಅಂದರೆ ಹೇಗೆ?

ಅಜ್ಜಿಯ ವಿಷಯ ಸ್ವಲ್ಪ ಬೇರೆ. ಕರ್ನಾಟಕದಲ್ಲಿ ಹಿಂದೂ ಕೂಡುಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಅಂತ ಕಾಯ್ದೆ ಬಂದಿದ್ದು 1994ರಲ್ಲಿ. ಅದು ಅದಕ್ಕೂ ಮೊದಲೇ ಮದುವೆಯಾದವರಿಗೆ ಅನ್ವಯ ಆಗಲಿಲ್ಲ. ಅಜ್ಜಿ ಹೆಸರಲ್ಲಿ ಮನೆ ಇರಲಿಲ್ಲ, ಬ್ಯಾಂಕ್ ಖಾತೆ ಇರಲಿಲ್ಲ. ಬೀದಿಯಲ್ಲಿ ಯಾರ ಮನೆಯಲ್ಲಿ ಸಮಾರಂಭ ಆದರೂ 'ಅವರ ಕೈಯ ಬಿಸಿಬೇಳೆಬಾತ್' ಅಂತ ಕರೆಯ ಬರುತ್ತಿತ್ತು. ಅವರ ಸ್ವಂತದ್ದು ಅಂತ ಇದ್ದದ್ದು ಆ ಹೆಸರೊಂದೇ. ಅದಕ್ಕೇ ತಟ್ಟೆ ಮುಚ್ಚಿದರು. ಸರಿ ಅಂತ ನಾನು ಹೇಳಲ್ಲ, ಆದರೆ ಅರ್ಥ ಆಗುತ್ತೆ. ನನಗೆ ಸಂಬಳ ಇದೆ, ಪಿಎಫ್ ಇದೆ, ಫ್ಲ್ಯಾಟಿನ ಸಾಲದ ಪತ್ರದಲ್ಲಿ ನನ್ನದೇ ಸಹಿ ಇದೆ. ನನಗೇನು ನೆಪ?

ಇನ್ನೂ ನಾಚಿಕೆಯ ಮಾತು ಅಂದರೆ, ನನ್ನ ಹೊಟ್ಟೆ ತುಂಬಿಸ್ತಿರೋದೇ ಹಂಚಿಕೊಂಡ ವಿದ್ಯೆ. ನಾವು ದಿನಾ ಬಳಸುವ ಲಿನಕ್ಸ್, ಪೈಥಾನ್ ಎಲ್ಲವನ್ನೂ ಯಾರ್ಯಾರೋ ಬರೆದು, ಒಂದು ಸಾಲನ್ನೂ ಬಚ್ಚಿಡದೆ ಹೊರಗಿಟ್ಟಿದ್ದಾರೆ. ಅದರ ಮೇಲೆ ಕೆಲಸ ಮಾಡಿ ಬಂದು, ನಾನು ಮರಾಠಿ ಮೊಗ್ಗು ಬಚ್ಚಿಡ್ತೀನಿ!

ಹಾಗಂತ ಹಂಚಿಕೊಳ್ಳೋದು ಐಟಿಯವರು ಹುಡುಕಿದ ಹೊಸ ಧರ್ಮ ಏನಲ್ಲ. 1025ರ ಸುಮಾರಿಗೆ ಎರಡನೆಯ ಚಾವುಂಡರಾಯ ಕನ್ನಡದಲ್ಲಿ ಬರೆದ ಪುಸ್ತಕದಲ್ಲಿ ನೆಲದಡಿಯ ನೀರು ಹುಡುಕುವುದು, ಗಿಡಮರಗಳ ಆರೈಕೆ, ಔಷಧಗಳ ಜೊತೆ ಅಡುಗೆಗೂ ಜಾಗ ಇದೆ. ಪುಸ್ತಕದ ಹೆಸರು 'ಲೋಕೋಪಕಾರ'. 16ನೇ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ ಅಡುಗೆಯ ಮೇಲೇ 'ಸೂಪಶಾಸ್ತ್ರ' ಅನ್ನೋ ಕಾವ್ಯ ಬರೆದ. ಅಡುಗೆ ಕಲಿಸೋದನ್ನು ಲೋಕಕ್ಕೆ ಮಾಡುವ ಉಪಕಾರದ ಪಟ್ಟಿಯಲ್ಲಿ ಸೇರಿಸಿದ ಭಾಷೆ ನಮ್ಮದು.

ಒಂದು ಮಾತು ಒಪ್ಪಿಕೊಳ್ಳಬೇಕು. ಎಷ್ಟೇ ಪ್ರಾಮಾಣಿಕವಾಗಿ ಬರೆದುಕೊಟ್ಟರೂ ರೆಸಿಪಿಯಲ್ಲಿ ಏನೋ ಒಂದು ಉಳಿದೇ ಉಳಿಯುತ್ತೆ. 'ಘಮ್ ಅನ್ನುವವರೆಗೆ ಹುರಿ' ಅಂದರೆ ಎಷ್ಟು ಹೊತ್ತು? ಅಜ್ಜಿಯ ಹಿಡಿ ಬೇರೆ, ನನ್ನ ಹಿಡಿ ಬೇರೆ. ಆದರೆ ಹೇಳೋಕೆ ಬಾರದೆ ಉಳಿದದ್ದಕ್ಕೂ ಹೇಳದೆ ಉಳಿಸಿಕೊಂಡದ್ದಕ್ಕೂ ಎಷ್ಟು ವ್ಯತ್ಯಾಸ ಇದೆ ಅನ್ನೋದು ನಮ್ಮ ಮನಸ್ಸಿಗೆ ಚೆನ್ನಾಗಿ ಗೊತ್ತಿರುತ್ತೆ.

ಒಂದು ವಾರ ಒದ್ದಾಡಿ, ಕೊನೆಗೆ ಅವಳನ್ನು ಭಾನುವಾರ ಮನೆಗೆ ಕರೆದೆ. ಒಲೆ ಮುಂದೆ ನಿಲ್ಲಿಸಿ ಮರಾಠಿ ಮೊಗ್ಗಿನ ಡಬ್ಬಿ ಕೈಗಿಟ್ಟು, "ಇದನ್ನ ಬೇಕಂತಲೇ ಬರೆದಿರಲಿಲ್ಲ ಕಣೇ" ಅಂದೆ. ಮೊದಲು ನಕ್ಕಳು, "ಇಷ್ಟ ಏನ್ರಿ?" ಅಂತ. ಆಮೇಲೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆ ಮೌನ ನನಗೆ ಸಲ್ಲಬೇಕಾದದ್ದೇ. ನಾನೂ ಸುಮ್ಮನೆ ಬಾಣಲೆಯಲ್ಲಿ ಕೈಯಾಡಿಸುತ್ತಾ ನಿಂತೆ.

ಪುಡಿ ಆಯಿತು, ಬಾತ್ ಆಯಿತು, ಇಬ್ಬರೂ ತಿಂದೆವು. ಹೊರಡುವಾಗ ಒಂದು ಹಿಡಿ ಮೊಗ್ಗು ಪೊಟ್ಟಣ ಕಟ್ಟಿ ಕೊಟ್ಟೆ. ಚಪ್ಪಲಿ ಹಾಕಿಕೊಳ್ಳುತ್ತಾ ಕೇಳಿದಳು: "ಅಕ್ಕಾರ, ಇನ್ನೇನರ ಬಿಟ್ಟೀರೇನು?"

"ಇಲ್ಲ" ಅಂದೆ. ಈ ಸಲ ಅದು ನಿಜ. ಆದರೆ ಆ ಪ್ರಶ್ನೆಯನ್ನು ಅವಳ ಬಾಯಿಗೆ ತಂದಿದ್ದು ನಾನೇ. ಅದು ಹೋಗೋಕೆ ಒಂದು ಪೊಟ್ಟಣ ಸಾಲದು, ಇನ್ನೂ ಸುಮಾರು ಊಟ ಒಟ್ಟಿಗೆ ಮಾಡಬೇಕು.