ಉಳಿದ ದೂರ ಯಾರ ಪಾಲಿಗೆ?

ರೈಲು ನಿಲ್ದಾಣ ಎಲ್ಲಿರಬೇಕು ಎಂಬುದು ಎಂಜಿನಿಯರುಗಳು ತೀರ್ಮಾನಿಸುವ ವಿಷಯ ಎಂದು ನಾವೆಲ್ಲ ನಂಬಿದ್ದೇವೆ. ಹಳಿ ಯಾವ ಕಡೆಯಿಂದ ಹಾಯುತ್ತದೆ, ಜಾಗ ಎಲ್ಲಿ ಸಿಗುತ್ತದೆ, ಖರ್ಚು ಎಷ್ಟಾಗುತ್ತದೆ ಎಂಬ ಲೆಕ್ಕ ಅದು. ಆದರೆ ಆ ಲೆಕ್ಕದಲ್ಲಿ ಬಾರದ ಒಂದು ಬಾಬತ್ತಿದೆ. ನಿಲ್ದಾಣದಿಂದ ಮನೆಗಿರುವ ದೂರವನ್ನು ಯಾರಾದರೊಬ್ಬರು ಹೊರಲೇಬೇಕು. ರೈಲಿನವರು ಹೊರದಿದ್ದರೆ ನಗರ ಹೊರಬೇಕು, ನಗರವೂ ಹೊರದಿದ್ದರೆ ಪ್ರಯಾಣಿಕ ಹೊರಬೇಕು, ಒಂದು ಕೈಯಲ್ಲಿ ಪೆಟ್ಟಿಗೆ, ಇನ್ನೊಂದು ಕೈಯಲ್ಲಿ ಮಗು ಹಿಡಿದುಕೊಂಡು. ನಿಲ್ದಾಣವನ್ನು ಊರ ಹೊರಗೆ ಸಾಗಿಸಿದಾಗ ದೂರ ಇಲ್ಲವಾಗುವುದಿಲ್ಲ, ಒಬ್ಬರ ಹೆಗಲಿನಿಂದ ಇನ್ನೊಬ್ಬರ ಹೆಗಲಿಗೆ ಹೋಗುತ್ತದೆ. ಹೆಗಲು ಬದಲಾಗುವ ಕಡೆಯಲ್ಲೆಲ್ಲ ನ್ಯಾಯದ ಪ್ರಶ್ನೆ ಇದ್ದೇ ಇರುತ್ತದೆ.

ಎಮಿರೇಟ್ಸ್‌ನಲ್ಲಿರುವ ನಮಗೆ ಇದು ಹೊಸ ಪ್ರಶ್ನೆ. ದುಬೈ ಮೆಟ್ರೊ 2009ರ ಸೆಪ್ಟೆಂಬರ್ 9ರಂದು ಓಡತೊಡಗಿತು. ಆದರೆ ಒಂದು ಎಮಿರೇಟಿನಿಂದ ಇನ್ನೊಂದಕ್ಕೆ ಪ್ರಯಾಣಿಕರ ರೈಲು ಇರಲಿಲ್ಲ. ದುಬೈಯಿಂದ ಅಬುಧಾಬಿಗೆ ಹೋಗಬೇಕಾದರೆ ಸ್ವಂತ ಕಾರು ಇರಬೇಕು, ಇಲ್ಲವೇ ಗುಬೈಬಾದಲ್ಲೋ ಇಬ್ನ್ ಬತೂತಾದಲ್ಲೋ ಬಸ್ಸಿಗೆ ಸಾಲು ನಿಲ್ಲಬೇಕು, ಅದೂ ಆಗದಿದ್ದರೆ ಪರಿಚಯದವರ ಕಾರ್‌ಲಿಫ್ಟ್ ಹಿಡಿಯಬೇಕು. ಈಗ ಎತಿಹಾದ್ ರೈಲಿನ ಮಾತು ಎಲ್ಲರ ಬಾಯಲ್ಲಿದೆ. 2009ರಲ್ಲಿ ಹುಟ್ಟಿದ ಈ ಸಂಸ್ಥೆ ಮೊದಲು ಎಳೆದದ್ದು ಮನುಷ್ಯರನ್ನಲ್ಲ, ಗಂಧಕವನ್ನು. ಶಾಹ್ ಮತ್ತು ಹಬ್ಶಾನ್ ಎಂಬ ಮರುಭೂಮಿಯ ಅನಿಲ ನೆಲೆಗಳಿಂದ ರುವೈಸ್ ಬಂದರಿಗೆ 264 ಕಿ.ಮೀ. ಹಳಿ. ಆಮೇಲೆ ಸರಕು ಸಾಗಣೆಯ ಜಾಲ ಸೌದಿ ಗಡಿಯಿಂದ ಫುಜೈರಾ ತನಕ ಸುಮಾರು 900 ಕಿ.ಮೀ. ಬೆಳೆದು 2023ರಲ್ಲಿ ಉದ್ಘಾಟನೆಯಾಯಿತು. ಮನುಷ್ಯರ ಸರದಿ 2026ರಲ್ಲಿ ಎಂದು ಘೋಷಿಸಿದ್ದಾರೆ. ರೈಲಿನ ವೇಗ ಗಂಟೆಗೆ 200 ಕಿ.ಮೀ., ಒಂದು ರೈಲಿನಲ್ಲಿ 400 ಜನ, ಅಬುಧಾಬಿಯಿಂದ ದುಬೈಗೆ 57 ನಿಮಿಷ.

ಐವತ್ತೇಳು ನಿಮಿಷ ಎಂದ ಕೂಡಲೇ ನಮ್ಮವರು ಕೇಳುವ ಪ್ರಶ್ನೆ ಒಂದೇ: ಎಲ್ಲಿಂದ ಎಲ್ಲಿಗೆ? ದುಬೈಯ ನಿಲ್ದಾಣ ದೇರಾದಲ್ಲಿ ಅಲ್ಲ, ಬರ್‌ದುಬೈಯಲ್ಲಿ ಅಲ್ಲ, ಜುಮೇರಾ ಗಾಲ್ಫ್ ಎಸ್ಟೇಟ್ಸ್‌ನಲ್ಲಿ. ಅಬುಧಾಬಿಯದ್ದು ದ್ವೀಪದ ಹಳೆಯ ಪೇಟೆಯಲ್ಲಿ ಅಲ್ಲ, ಸೇತುವೆ ದಾಟಿ ಒಳನಾಡಿನ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಲ್ಲಿ. ಶಾರ್ಜಾದ್ದು ಯೂನಿವರ್ಸಿಟಿ ಸಿಟಿಯ ಕಡೆ, ಫುಜೈರಾದ್ದು ಸಕಮ್‌ಕಮ್‌ನಲ್ಲಿ. ಸರಕಿನ ಗಾಡಿಗೆ ಊರಿನ ಗೊಡವೆ ಬೇಡ, ಹಾಗಾಗಿ ಅದರ ಹಳಿ ಊರುಗಳ ಬೆನ್ನ ಹಿಂದೆಯೇ ಹಾದುಹೋಯಿತು. ಮನುಷ್ಯರ ಗಾಡಿಗೂ ಅದೇ ಹಳಿ ಎಂದಾದ ಮೇಲೆ ನಿಲ್ದಾಣಗಳು ಬೆನ್ನ ಕಡೆಗೇ ಬರಬೇಕಾಯಿತು.

ಇಂತಹ ಸಂದರ್ಭದಲ್ಲಿ ಎರಡು ದಾರಿಗಳಿವೆ. ಒಂದು, ರೈಲನ್ನು ಊರ ನಡುವಿಗೆ ತರುವುದು. ಇನ್ನೊಂದು, ಊರಿನ ಸಾರಿಗೆ ಎಲ್ಲಿದೆಯೋ ಅಲ್ಲಿಗೆ ನಿಲ್ದಾಣವನ್ನು ಒಯ್ಯುವುದು. ದುಬೈ ಎರಡನೆಯದನ್ನು ಆಯ್ದುಕೊಂಡಿತು. ಜುಮೇರಾ ಗಾಲ್ಫ್ ಎಸ್ಟೇಟ್ಸ್ ಎಂಬ ಹೆಸರು ಕೇಳಿದರೆ ಗಾಲ್ಫ್ ಆಡುವವರ ಬಂಗಲೆಗಳು ಕಣ್ಣಿಗೆ ಬರುತ್ತವೆ, ಆದರೆ ಆ ಹೆಸರಿನ ಮೆಟ್ರೊ ನಿಲ್ದಾಣ ಎಕ್ಸ್‌ಪೋಗೆ ಹೋಗುವ ಮಾರ್ಗದಲ್ಲಿ 2021ರಿಂದಲೇ ಇದೆ. ರೈಲು ಇಳಿದವನು ಮೆಟ್ರೊ ಹತ್ತುವುದಕ್ಕೆ ಪಕ್ಕಕ್ಕೆ ಹೋದರೆ ಸಾಕು ಎಂಬುದು ಯೋಜನೆ.

ಈ ಸಣ್ಣ ಸಂಗತಿಯ ಬೆಲೆ ತಿಳಿಯಬೇಕಾದರೆ ನಮ್ಮ ಊರುಗಳ ಕಡೆ ನೋಡಬೇಕು. ಇಲ್ಲಿರುವ ಕನ್ನಡಿಗರಲ್ಲಿ ಬಹಳ ಮಂದಿ ಕರಾವಳಿಯವರು. ಮಂಗಳೂರಿನ ಹಳೆಯ ನಿಲ್ದಾಣ, ಈಗಿನ ಸೆಂಟ್ರಲ್, ಹಂಪನಕಟ್ಟೆಯ ಹತ್ತಿರ. ಇಳಿದು ಸ್ವಲ್ಪ ನಡೆದರೆ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣ, ಅಲ್ಲಿಂದ ಜಿಲ್ಲೆಯ ಯಾವ ಮೂಲೆಗೂ ಸರ್ವಿಸ್ ಬಸ್ಸು. ಆದರೆ ಸೆಂಟ್ರಲ್‌ನಲ್ಲಿ ಹಳಿ ಮುಗಿದುಬಿಡುತ್ತದೆ, ಮುಂದೆ ಹೋಗುವ ರೈಲು ಹಿಂದಕ್ಕೆ ತಿರುಗಲೇಬೇಕು. ಆದ್ದರಿಂದ ಕೇರಳದಿಂದ ಕೊಂಕಣ ಮಾರ್ಗವಾಗಿ ಉತ್ತರಕ್ಕೆ ಹೋಗುವ ದೂರದ ಗಾಡಿಗಳು ಕಂಕನಾಡಿ ಎಂದು ನಾವು ಕರೆಯುತ್ತಿದ್ದ ಜಂಕ್ಷನ್‌ನಲ್ಲಿ ನಿಂತು ಮುಂದೆ ಹೋಗುತ್ತವೆ. ರೈಲಿಗೆ ಅದು ಅನುಕೂಲ. ಇಳಿದವನಿಗೆ ಪೇಟೆ ಇನ್ನೂ ಐದಾರು ಕಿಲೋಮೀಟರ್, ನಡುರಾತ್ರಿಯಾದರೆ ರಿಕ್ಷಾದವರು ಹೇಳಿದ್ದೇ ಬಾಡಿಗೆ. ಉಡುಪಿಯಲ್ಲೂ ಅಷ್ಟೆ, 1998ರಲ್ಲಿ ಕೊಂಕಣ ರೈಲ್ವೆ ಪೂರ್ತಿಯಾದಾಗ ಸಂಭ್ರಮ ಪಟ್ಟ ಊರಿಗೆ ಇಂದ್ರಾಳಿಯ ನಿಲ್ದಾಣದಿಂದ ಪೇಟೆಗೆ ಹೋಗುವ ಕಷ್ಟ ಸಂಭ್ರಮ ಇಳಿದ ಮೇಲೆಯೇ ತಿಳಿದದ್ದು.

ಬೆಂಗಳೂರಿನ ಕಥೆ ಇನ್ನೂ ಸ್ಪಷ್ಟ. ಮೆಜೆಸ್ಟಿಕ್‌ನಲ್ಲಿ ರೈಲು ನಿಲ್ದಾಣದ ಎದುರಿಗೇ ಬಸ್ ನಿಲ್ದಾಣ, ಈಗ ಮೆಟ್ರೊ ಕೂಡ ಅಲ್ಲೇ. ಕೊಳಕು, ನೂಕುನುಗ್ಗಲು, ಕಿಸೆಗಳ್ಳರ ಭಯ ಎಲ್ಲವೂ ಉಂಟು. ಆದರೆ ಬೀದರಿನಿಂದ ಬಂದವನು ಯಾರನ್ನೂ ಕೇಳದೆ ಯಾವ ಬಡಾವಣೆಗೂ ಹೋಗಬಹುದು. ಆ ಜನಜಂಗುಳಿಯನ್ನು ಇಳಿಸುವುದಕ್ಕೆ ಬೈಯಪ್ಪನಹಳ್ಳಿಯಲ್ಲಿ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್ ಕಟ್ಟಿದರು. 2022ರ ಜೂನ್‌ನಲ್ಲಿ ಅದು ತೆರೆಯಿತು. ಇಡೀ ಕಟ್ಟಡಕ್ಕೆ ಹವಾನಿಯಂತ್ರಣ, ವಿಮಾನ ನಿಲ್ದಾಣದಂಥ ಮುಖ. ಅದೇ ಬೈಯಪ್ಪನಹಳ್ಳಿಯ ಹೆಸರಿನ ಮೆಟ್ರೊ ನಿಲ್ದಾಣ 2011ರಿಂದಲೇ ಇತ್ತು. ಹೆಸರು ಒಂದೇ ಆದರೂ ಟರ್ಮಿನಲ್ ತೆರೆದ ದಿನ ಎರಡರ ನಡುವೆ ನೇರ ದಾರಿ ಇರಲಿಲ್ಲ. ಕೋಟಿಗಟ್ಟಲೆ ಖರ್ಚಿನ ಎರಡು ಯೋಜನೆಗಳು ಒಂದರ ಹಿತ್ತಲಿನಲ್ಲಿ ಇನ್ನೊಂದು ನಿಂತಿದ್ದವು, ನಡುವಿನ ದೂರ ಮಾತ್ರ ಪ್ರಯಾಣಿಕನ ಪಾಲಿಗೆ ಬಂತು.

ಇದು ನಮ್ಮ ದೇಶದ್ದೊಂದೇ ದೋಷ ಎಂದುಕೊಳ್ಳುವುದು ಬೇಡ. ಕೆನಡಾದ ರಾಜಧಾನಿ ಒಟ್ಟಾವಾದಲ್ಲಿ ಪಾರ್ಲಿಮೆಂಟಿನ ಹತ್ತಿರವೇ ಇದ್ದ ಯೂನಿಯನ್ ಸ್ಟೇಷನ್ನನ್ನು 1966ರಲ್ಲಿ ಮುಚ್ಚಿ ನಿಲ್ದಾಣವನ್ನು ಕೆಲವು ಕಿಲೋಮೀಟರ್ ಆಚೆಗೆ ಸಾಗಿಸಿದರು. ನಗರ ಚೆಲುವಾಗಬೇಕಿತ್ತು. ಆ ಹೊಸ ನಿಲ್ದಾಣದ ಎದುರಿಗೆ ನಗರದ ಲೈಟ್ ರೈಲು ಬಂದದ್ದು 2019ರಲ್ಲಿ. ನಡುವೆ ಬಸ್ಸುಗಳಿದ್ದವು, ನಿಜ. ಆದರೂ ಕಿತ್ತ ಹಳಿಗೆ ಬದಲಾಗಿ ಇನ್ನೊಂದು ಹಳಿ ಬರುವುದಕ್ಕೆ 53 ವರ್ಷ ಹಿಡಿಯಿತು. ಲಂಡನ್ನಿನಲ್ಲೂ 1846ರಲ್ಲಿ ಒಂದು ಆಯೋಗ ಕೂತು, ರೈಲುಗಳು ನಗರದ ನಡುವಿಗೆ ಬರುವುದು ಬೇಡ ಎಂದಿತು. ನಿಲ್ದಾಣಗಳು ಅಂಚಿನಲ್ಲಿ ಉಳಿದವು, ಅಲ್ಲಿಂದ ಒಳಗೆ ಬರುವ ಬೀದಿಗಳಲ್ಲಿ ಕುದುರೆಗಾಡಿಗಳು ಸಿಕ್ಕಿಹಾಕಿಕೊಂಡವು. ಕೊನೆಗೆ 1863ರಲ್ಲಿ ಪ್ಯಾಡಿಂಗ್ಟನ್, ಯೂಸ್ಟನ್, ಕಿಂಗ್ಸ್ ಕ್ರಾಸ್‌ಗಳನ್ನು ಜೋಡಿಸಿ ಫ್ಯಾರಿಂಗ್ಡನ್ ತನಕ ನೆಲದಡಿಯಲ್ಲಿ ರೈಲು ಹೊರಟಿತು. ಲೋಕದ ಮೊದಲ ಸುರಂಗ ರೈಲು ಹುಟ್ಟಿದ್ದರ ಹಿಂದೆ ದೂರ ಉಳಿದ ನಿಲ್ದಾಣಗಳ ಈ ಬವಣೆಯೂ ಇದೆ.

ಹಾಗಾದರೆ ನಿಲ್ದಾಣ ಊರ ನಡುವೆಯೇ ಇರಬೇಕೇ? ಅಷ್ಟು ಸುಲಭವಾಗಿ ಹೌದು ಎನ್ನಲಾರೆ. ನಡುವಿಗೆ ತರುವುದೆಂದರೆ ಯಾರದೋ ಮನೆ ಕೆಡವಬೇಕು, ಸಾಮಾನ್ಯವಾಗಿ ಮೇಲಿನ ಕೋರ್ಟಿಗೆ ಹೋಗುವ ತಾಕತ್ತಿಲ್ಲದವರದ್ದು. ಅದೂ ಅಲ್ಲದೆ ನಡು ಎಂಬುದು ಯಾರಿಗೆ ನಡು? ಅಬುಧಾಬಿಯಲ್ಲಿ ಮೆಟ್ರೊ ಇಲ್ಲ, ಬಸ್ಸುಗಳೇ ಗತಿ. ದ್ವೀಪದ ಕಚೇರಿಗಳಲ್ಲಿ ಕೂತವರಿಗೆ ಮೊಹಮ್ಮದ್ ಬಿನ್ ಜಾಯೆದ್ ಸಿಟಿ ಊರಾಚೆ. ಆದರೆ ಅದರ ನೆರೆಯಲ್ಲಿಯೇ ಮುಸಫ್ಫಾ ಇದೆ. ಗ್ಯಾರೇಜು, ಫ್ಯಾಕ್ಟರಿ, ಕಾರ್ಮಿಕರ ಕ್ಯಾಂಪುಗಳ ಪ್ರದೇಶ. ಅಲ್ಲಿನ ವೆಲ್ಡರ್‌ಗೆ, ಡ್ರೈವರ್‌ಗೆ ದ್ವೀಪವೇ ದೂರ, ನಿಲ್ದಾಣ ಹತ್ತಿರ. ನಕಾಶೆಯಲ್ಲಿ ಅಂಚು ಎಂದು ಕಾಣುವ ಕಡೆಯಲ್ಲಿ ಸಾವಿರಾರು ಜನರ ದಿನ ಬೆಳಗಾಗುತ್ತದೆ. ಊರ ಹೊರಗೆ ಎಂಬ ನಮ್ಮ ಮಾತಿನಲ್ಲೇ ನಾವು ಯಾರನ್ನು ಊರಿನವರೆಂದು ಎಣಿಸುತ್ತೇವೆ ಎಂಬುದು ಬಯಲಾಗುತ್ತದೆ.

ಇನ್ನೊಂದು ಕಡೆ, ಹತ್ತಿರ ಎಂಬುದನ್ನು ಕಿಲೋಮೀಟರಿನಲ್ಲಿ ಮಾತ್ರ ಅಳೆಯಲಾಗದು. ಜುಮೇರಾ ಗಾಲ್ಫ್ ಎಸ್ಟೇಟ್ಸ್‌ನಿಂದ ದೇರಾಕ್ಕೆ ಮೆಟ್ರೊದಲ್ಲಿ ಹೆಚ್ಚುಕಡಿಮೆ ಒಂದು ಗಂಟೆ. ಅಬುಧಾಬಿಯಿಂದ ದುಬೈಗೆ ಬಂದಷ್ಟೇ ಹೊತ್ತು ದುಬೈಯೊಳಗೆ ಬೇಕು. ವಾರದ ದಿನಗಳಲ್ಲಿ ಮೆಟ್ರೊ ನಡುರಾತ್ರಿಗೆ ನಿಲ್ಲುತ್ತದೆ, ಭಾನುವಾರ ಬೆಳಿಗ್ಗೆ ಎಂಟಕ್ಕೆ ಶುರು. ಎಂಟರ ಮೊದಲು ಹೊರಡುವ ರೈಲು ಹಿಡಿಯಬೇಕಾದವನಿಗೆ ಭಾನುವಾರ ಈ ಜೋಡಣೆ ಇದ್ದೂ ಇಲ್ಲ. ಸೋನಾಪುರ ಎಂದು ಕರೆಯುವ ಮುಹೈಸ್ನಾದ ಕ್ಯಾಂಪುಗಳ ನಡುವೆ ಮೆಟ್ರೊ ಹೋಗುವುದಿಲ್ಲ. ಅಲ್ಲಿಂದ ಮೊದಲು ಬಸ್ಸು, ಆಮೇಲೆ ಮೆಟ್ರೊ, ಆಮೇಲೆ ರೈಲು. ಟಿಕೆಟ್ ದರವೂ ಒಂದು ಬಗೆಯ ದೂರವೇ. ಪಕ್ಕದಲ್ಲೇ ನಿಲ್ದಾಣವಿದ್ದು ಕಿಸೆಗೆ ಎಟುಕದಿದ್ದರೆ ಮುಸಫ್ಫಾದವನು ಮತ್ತೆ 25 ದಿರ್ಹಮ್‌ನ ಬಸ್ಸಿಗೇ ಹೋಗಿ ನಿಲ್ಲುತ್ತಾನೆ. 2025ರ ಜನವರಿಯಲ್ಲಿ ಇನ್ನೊಂದು ಅತಿವೇಗದ ರೈಲನ್ನೂ ಘೋಷಿಸಿದ್ದಾರೆ. ಎರಡು ನಗರಗಳ ನಡುವೆ ಅರ್ಧ ಗಂಟೆ. ಅದರ ನಿಲ್ದಾಣಗಳ ಪಟ್ಟಿಯಲ್ಲಿ ರೀಮ್ ದ್ವೀಪ, ಸಾದಿಯಾತ್, ಯಾಸ್, ಅಲ್ ಜದ್ದಾಫ್‌ಗಳ ಹೆಸರಿವೆ. ಅಂದರೆ ಊರೊಳಗೆ ರೈಲು ತರಲು ಆಗದು ಎಂದಲ್ಲ, ಎಷ್ಟು ವೇಗದ ರೈಲಿಗಾಗಿ, ಯಾರಿಗಾಗಿ ತರುತ್ತೇವೆ ಎಂಬುದು ಪ್ರಶ್ನೆ.

ಶರಣರು ಸ್ಥಾವರ, ಜಂಗಮ ಎಂಬ ಎರಡು ಮಾತುಗಳನ್ನು ನಮಗೆ ಕೊಟ್ಟರು. ನಿಂತದ್ದು ಒಂದು, ಚಲಿಸುವುದು ಒಂದು. ರೈಲು ನಿಲ್ದಾಣ ಸ್ಥಾವರಗಳಲ್ಲಿ ವಿಚಿತ್ರವಾದದ್ದು, ಜಂಗಮಕ್ಕಾಗಿಯೇ ಹುಟ್ಟಿದ ಸ್ಥಾವರ. ಅದಕ್ಕೆ ತನ್ನದೇ ಆದ ಮಹಿಮೆ ಇಲ್ಲ. ಬಂದವರನ್ನು ಬೇಗ ಕಳುಹಿಸಿಕೊಡುವುದರಲ್ಲೇ ಅದರ ಸಾರ್ಥಕತೆ. ಉದ್ಘಾಟನೆಯ ದಿನ ನಾವು ಛಾವಣಿಯ ವಿನ್ಯಾಸವನ್ನು, ನೆಲದ ಹೊಳಪನ್ನು ಹೊಗಳುತ್ತೇವೆ, ಹೊರಗಿನ ಬಸ್ಸಿನ ವೇಳಾಪಟ್ಟಿ ನೋಡುವವರು ಕಡಿಮೆ.

ಹಾಗಾಗಿ ನನಗೆ ನ್ಯಾಯವೆಂದು ತೋರುವುದು ಇಷ್ಟು. ನಿಲ್ದಾಣವನ್ನು ಸಾಗಿಸುವ ಹಕ್ಕು ನಗರಕ್ಕಿದೆ, ಆದರೆ ಉಳಿದ ದೂರಕ್ಕೆ ಅದು ಜಾಮೀನು ನಿಲ್ಲಬೇಕು. ಆ ಜಾಮೀನು ಮುಂದೊಂದು ದಿನದ್ದಲ್ಲ, ಮೊದಲ ರೈಲು ಬಂದ ದಿನದ್ದೇ ಆಗಬೇಕು. ಹತ್ತು ವರ್ಷದಲ್ಲಿ ಬಸ್ಸು ಬಂದೀತು ಎಂದರೆ ಆ ಹತ್ತು ವರ್ಷದ ಬಾಡಿಗೆಯನ್ನು ಕಾರಿಲ್ಲದವರಿಂದ ವಸೂಲಿ ಮಾಡಿದಂತೆ. ಜೋಡಣೆ ಸರಿಯಾಗಿದೆಯೇ ಎಂದು ನೋಡಬೇಕಾದದ್ದು ಆರಾಮವಾಗಿ ಹೋಗಬಲ್ಲವನ ಕಣ್ಣಿನಿಂದಲ್ಲ. ವಿಸಿಟ್ ವೀಸಾದಲ್ಲಿ ಬಂದು ಕನ್ನಡ ಬಿಟ್ಟರೆ ಬೇರೆ ಭಾಷೆ ಬಾರದ ಅಮ್ಮ, ರಾತ್ರಿ ಪಾಳಿ ಮುಗಿಸಿದ ನರ್ಸ್, ತಿಂಗಳ ಕೊನೆಯ ಕ್ಯಾಂಪಿನ ಹುಡುಗ, ಇವರಿಗೆ ದಾರಿ ಸಿಕ್ಕಿತೇ? ಸಿಕ್ಕಿತಾದರೆ ಉಳಿದವರಿಗೂ ಸಿಕ್ಕೀತು.

ಇಲ್ಲಿ ಒಂದು ಮುಜುಗರದ ಪ್ರಶ್ನೆ ಏಳುತ್ತದೆ. ಈ ದೇಶದಲ್ಲಿ ನಮಗೆ ಓಟಿಲ್ಲ. ನಾವು ವೀಸಾ ಮುಗಿಯುವ ತನಕದ ನೆಂಟರು. ನೆಂಟನಾದವನು ಬಾಗಿಲು ಎಲ್ಲಿಡಬೇಕೆಂದು ಹೇಳಬಹುದೇ? ನನ್ನ ಉತ್ತರ: ಮನೆ ಕಟ್ಟುವ ಕೆಲಸದಲ್ಲಿ ಕೈಜೋಡಿಸಿದ ನೆಂಟ ಹೇಳಬಹುದು, ವಿನಯದಿಂದ. ಮೆಟ್ರೊದಲ್ಲಿ, ಬಸ್ಸಿನಲ್ಲಿ ದಿನವೂ ನಿಂತುಕೊಂಡು ಹೋಗುವವನ ಅನುಭವ ಯೋಜಕರಿಗೂ ಬೇಕಾದ ಸಂಪತ್ತು. ಆದರೆ ಇದಕ್ಕಿಂತ ಕಷ್ಟದ ಪ್ರಶ್ನೆ ಊರಿನದ್ದು. ಅಲ್ಲಿ ನಮಗೆ ಓಟಿದೆ, ಮಾತಿದೆ, ಈಗ ಸ್ವಲ್ಪ ದುಡ್ಡೂ ಇದೆ. ರಜೆಗೆ ಹೋದಾಗ ಬಜ್ಪೆಯಲ್ಲಿ ಇಳಿಯುತ್ತೇವೆ, ಮನೆಯವರು ಕಾರು ತಂದಿರುತ್ತಾರೆ. ಜಂಕ್ಷನ್ನಿನಿಂದ ಪೇಟೆಗೆ ಎಷ್ಟು ದೂರ ಎಂಬುದು ನಮ್ಮ ಮೈಗೆ ತಾಗುವುದು ನಿಂತುಹೋಗಿದೆ. ಹಾಗೆ ತಾಗದವರೇ ಊರಿನ ಸಭೆಗಳಲ್ಲಿ ಅತಿಥಿಗಳು, ದಾನಿಗಳು, ಸಲಹೆಗಾರರು.

ಇಲ್ಲಿ ಹಕ್ಕಿಲ್ಲದೆಯೇ ಒಂದು ಅನುಕೂಲ ನಮಗೆ ಒದಗಿಬರುತ್ತಿದೆ, ಮೆಟ್ರೊದ ಪಕ್ಕಕ್ಕೇ ರೈಲು ಬರುತ್ತಿದೆ. ಅದನ್ನು ಅನುಭವಿಸಿದ ಮೇಲೆ ಊರಿಗೆ ಹೋದಾಗ ಹೊಳೆಯುವ ನೆಲದ ಫೋಟೊ ತೋರಿಸುವುದರ ಬದಲು, ಪೇಟೆಯ ಬಸ್ಸು ರೈಲಿನ ಹೊತ್ತಿಗೆ ಸ್ಟೇಷನ್ನಿಗೆ ಏಕೆ ಬರುವುದಿಲ್ಲ ಎಂದು ಕೇಳಬಹುದು. ಬಸ್ಸಿನ ಸಮಯ ಬದಲಿಸುವುದಕ್ಕೆ ಕೋಟಿ ಬೇಡ, ಮರುಭೂಮಿಯ ಎಣ್ಣೆಯೂ ಬೇಡ. ಆ ರಾತ್ರಿಯ ಗಾಡಿಯಲ್ಲಿ ಇಳಿಯುವವರು ಯಾರು, ಅವರು ಮನೆಗೆ ಹೇಗೆ ಹೋಗುತ್ತಾರೆ ಎಂದು ಯಾರಾದರೊಬ್ಬರು ಯೋಚಿಸಬೇಕು, ಅಷ್ಟೆ.