ವಿಮಾನಯಾನದ ರಕ್ಷಣೆ: ಸರ್ಕಾರದ ಹೊಣೆ ಎಷ್ಟು?

ವಿಮಾನ ಪ್ರಯಾಣಿಕರ ರಕ್ಷಣೆಗೆ ಸರ್ಕಾರವು ಎಷ್ಟನ್ನು ಕಾನೂನಿನಿಂದ ವಿಧಿಸಬೇಕು, ಎಷ್ಟನ್ನು ವಿಮಾನ ಸಂಸ್ಥೆಗಳ ವಿವೇಚನೆಗೆ ಬಿಡಬೇಕು? ಮೇಲ್ನೋಟಕ್ಕೆ ಆಡಳಿತದ ವಿಷಯವೆನಿಸಿದರೂ ಇದು ಮೂಲತಃ ಧರ್ಮದ ಪ್ರಶ್ನೆ. ನಮ್ಮನ್ನು ನಂಬಿ ಬಂದವನ ಜೀವಕ್ಕೆ ಹೊಣೆ ಯಾರು ಎಂಬುದೇ ಇಲ್ಲಿಯ ವಿಚಾರ.

ಸಂಸ್ಥೆಗಳಿಗೇ ಬಿಡಬೇಕೆನ್ನುವವರ ವಾದ ಹುರುಳಿಲ್ಲದ್ದಲ್ಲ. ತನ್ನ ವಿಮಾನವೂ ಹೆಸರೂ ಉಳಿಯಬೇಕೆಂಬ ಆಸೆ ಯಾವ ಸಂಸ್ಥೆಗೆ ಇರದು? ಆದರೆ ವಾಚಕರು ಒಂದಂಶವನ್ನು ಗಮನಿಸಬೇಕು. ಟಿಕೀಟಿನ ದರ ಎಲ್ಲರಿಗೂ ಕಾಣುತ್ತದೆ. ತಪಾಸಣೆಯ ಲೋಪ ಯಾರಿಗೂ ಕಾಣದು. ಉಳಿತಾಯದ ಲಾಭ ಒಬ್ಬರದು, ಅಪಾಯದ ಭಾರ ಮತ್ತೊಬ್ಬರದು ಆದಲ್ಲಿ ಸ್ವಹಿತವೊಂದನ್ನೇ ನಂಬಿ ಕೂರಲಾಗದು.

1985ರ ಜೂನ್ 23ರಂದು ಏರ್ ಇಂಡಿಯಾದ 'ಕನಿಷ್ಕ' ವಿಮಾನವು ಐರ್ಲೆಂಡಿನ ಬಳಿ ಸಾಗರದ ಮೇಲೆ ಸ್ಫೋಟಗೊಂಡು 329 ಜನ ಮಡಿದರು. ಬಾಂಬಿದ್ದ ಪೆಟ್ಟಿಗೆಯನ್ನು ಕೆನಡಾದ ವ್ಯಾಂಕೂವರಿನಲ್ಲಿ ಒಪ್ಪಿಸಿದವನು ವಿಮಾನವನ್ನು ಏರಲೇ ಇಲ್ಲ. ಮುಂದಿನ ಪ್ರಯಾಣಕ್ಕೆ ಅವನ ಆಸನ ಖಚಿತವಾಗಿರದಿದ್ದರೂ ಒತ್ತಾಯಕ್ಕೆ ಮಣಿದು ಪೆಟ್ಟಿಗೆಯನ್ನು ಸ್ವೀಕರಿಸಲಾಗಿತ್ತು. ಟೊರಾಂಟೊದಲ್ಲಿ ಎಕ್ಸ್-ರೇ ಯಂತ್ರ ಕೆಟ್ಟಾಗ ಉಳಿದ ಸಾಮಾನನ್ನು ಕೈಯಲ್ಲಿ ಹಿಡಿಯುವ ಉಪಕರಣದಿಂದ ಪರೀಕ್ಷಿಸಿ ಸಾಗಿಸಲಾಯಿತು. ಒಡೆಯನಿಲ್ಲದ ಪೆಟ್ಟಿಗೆ ಹಾರಕೂಡದೆಂಬುದು ದಾಕ್ಷಿಣ್ಯಕ್ಕೆ ಬಿಡುವ ಮಾತಲ್ಲ. ಅದು ಕಟ್ಟಳೆಯೇ ಆಗಬೇಕು. ಈ ದುರಂತದ ತರುವಾಯ, 1987ರಲ್ಲಿ, ನಮ್ಮ ದೇಶದ ನಾಗರಿಕ ವಿಮಾನಯಾನ ಭದ್ರತಾ ಬ್ಯೂರೋ ಸ್ವತಂತ್ರ ಇಲಾಖೆಯಾಯಿತು.

ಹಾಗೆಂದು ಕಟ್ಟಳೆಯೊಂದೇ ಸಾಕೆ? ಅಮೆರಿಕದಲ್ಲಿ 1973ರಿಂದಲೇ ಪ್ರಯಾಣಿಕರ ತಪಾಸಣೆ ಕಡ್ಡಾಯವಾಗಿತ್ತು. ಆ ಕೆಲಸವನ್ನು ವಿಮಾನ ಸಂಸ್ಥೆಗಳು ಕಡಿಮೆ ಸಂಬಳದ ಗುತ್ತಿಗೆ ನೌಕರರಿಂದ ಮಾಡಿಸುತ್ತಿದ್ದವು. 2001ರ ಸೆಪ್ಟೆಂಬರ್ 11ರ ಹತ್ಯಾಕಾಂಡದ ಬಳಿಕ ಸರ್ಕಾರವೇ ಅದನ್ನು ವಹಿಸಿಕೊಂಡಿತು. ಆದರೆ ಅಂದು ನಾಲ್ಕು ಇಂಚಿಗಿಂತ ಚಿಕ್ಕ ಅಲಗಿನ ಚಾಕುವನ್ನು ಒಯ್ಯಲು ನಿಯಮವೇ ಎಡೆಗೊಟ್ಟಿತ್ತೆಂಬುದನ್ನೂ ಮರೆಯಬಾರದು. ನಿಯಮ ಮಾಡುವವನೂ ಎಡವಬಲ್ಲ. ಅನಂತರ ಚಾಲಕರ ಕೋಣೆಯ ಬಾಗಿಲನ್ನು ಹೊರಗಿನಿಂದ ಒಡೆಯಲಾಗದಂತೆ ಭದ್ರಪಡಿಸಲಾಯಿತು. 2015ರ ಮಾರ್ಚ್ 24ರಂದು ಜರ್ಮನ್‌ವಿಂಗ್ಸ್ ವಿಮಾನದ ಸಹಚಾಲಕನು ಅದೇ ಬಾಗಿಲನ್ನು ಭದ್ರಪಡಿಸಿಕೊಂಡು, ಮುಖ್ಯ ಚಾಲಕನನ್ನು ಹೊರಗುಳಿಸಿ, ವಿಮಾನವನ್ನು ಆಲ್ಪ್ಸ್ ಪರ್ವತಕ್ಕೆ ಅಪ್ಪಳಿಸಿದನು. ಅದರಲ್ಲಿದ್ದ 150 ಜನರೂ ಅಳಿದರು. ಕಳ್ಳನಿಗೆಂದು ಹಾಕಿದ ಅಗುಳಿ ಮನೆಯೊಡೆಯನನ್ನೇ ಹೊರಗಿಟ್ಟಿತು.

ಆದ್ದರಿಂದ ಸರ್ಕಾರದ ಹೊಣೆಗೆ ಮೇರೆಯುಂಟು. ಯಾವ ಸಂಸ್ಥೆಯೂ ಇಳಿಯಬಾರದ ಕನಿಷ್ಠ ಮಟ್ಟವನ್ನು ಅದು ವಿಧಿಸಬೇಕು, ಪಾಲನೆಯನ್ನು ಪರೀಕ್ಷಿಸಬೇಕು, ತಪ್ಪಿದವರನ್ನು ದಂಡಿಸಬೇಕು. ತಪಾಸಣೆ ಮಾಡುವವರು ಸರ್ಕಾರದ ನೌಕರರೇ ಆಗಬೇಕೆಂದಿಲ್ಲ. ಸ್ಯಾನ್ ಫ್ರಾನ್ಸಿಸ್ಕೋ ನಿಲ್ದಾಣದಲ್ಲಿ 2001ರ ಅನಂತರವೂ ಖಾಸಗಿ ನೌಕರರು ಸರ್ಕಾರದ ನಿಯಮದಡಿ ಆ ಕೆಲಸ ಮಾಡುತ್ತ ಬಂದಿದ್ದಾರೆ. ಆದರೆ ಭಯದ ಭರದಲ್ಲಿ ಮಾಡಿದ ಕಟ್ಟಳೆಯನ್ನು ಕಾಲಕಾಲಕ್ಕೆ ಒರೆಗೆ ಹಚ್ಚಲೇಬೇಕು. ಹೆಸರು, ಉಡುಪುಗಳನ್ನು ನೋಡಿ ಅನುಮಾನಿಸುವ ಅಧಿಕಾರ ಯಾರಿಗೂ ಸಲ್ಲದು.

ಸಾಲಿನಲ್ಲಿ ನಿಂತು ಬೇಸರಪಡುವ ನಾವೂ ಈ ಹೊಣೆಯಲ್ಲಿ ಪಾಲುಗಾರರು. 'ನನ್ನ ಪೆಟ್ಟಿಗೆಯೊಂದನ್ನು ಬಿಟ್ಟುಬಿಡಿ' ಎಂದು ಒತ್ತಾಯಿಸುವವನು, ಅರಿಯದೆಯೇ ಆದರೂ, ಸಹಪ್ರಯಾಣಿಕರ ಜೀವವನ್ನು ಪಣಕ್ಕಿಡುತ್ತಾನೆ. ಕಾನೂನು ಕಾವಲುಗಾರನನ್ನು ನೇಮಿಸಬಲ್ಲದು. ಅವನ ಎಚ್ಚರವನ್ನು ಗೌರವಿಸುವುದು ನಮ್ಮ ಕರ್ತವ್ಯ.